ಥರ್ಮೋಸ್ಟಾಟ್ ರೀಸ್ಟಾರ್ಟ್ ಆಗುತ್ತಿದ್ದರೆ ವೈರ್ ಹುಡುಕಿ: ನನ್ನ ಅನುಭವ

ಕೂಲಿಂಗ್ ಶುರುವಾಗಬೇಕಾದ ಹೊತ್ತಿಗೆ ಸ್ಮಾರ್ಟ್ ಥರ್ಮೋಸ್ಟಾಟ್‌ನ ಸ್ಕ್ರೀನ್ ಕಪ್ಪಾಗಿ ಮತ್ತೆ ಹೊತ್ತಿಕೊಳ್ಳುತ್ತದೆ. ಅದೇ ಹೊತ್ತಿಗೆ ಹೊರಗಿನ ಯೂನಿಟ್‌ನ ಕಾಂಟ್ಯಾಕ್ಟರ್ (ಕಂಪ್ರೆಸರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್) ಟಕಟಕ ಬಡಿದುಕೊಂಡು ಸುಮ್ಮನಾಗುತ್ತದೆ. ಕೆಲವು ನಿಮಿಷ ಬಿಟ್ಟು ಮತ್ತೆ ಅದೇ ಆಟ. ಥರ್ಮೋಸ್ಟಾಟ್ ಕೆಟ್ಟಿದೆ ಎಂದು ಹೊಸದು ತಂದು ಹಾಕಿದರೆ ಅದೂ ಹೀಗೇ ಆಡುತ್ತದೆ, ಏಕೆಂದರೆ ಈ ಲಕ್ಷಣದಲ್ಲಿ ದೋಷ ಸಾಮಾನ್ಯವಾಗಿ ಸಿಗುವುದು ವೈರಿನ ಜಾಯಿಂಟ್‌ನಲ್ಲಿ. ನಾನು ಅದನ್ನು ಹುಡುಕುವ ಕ್ರಮ ಇದು.

ಇದು 24 ವೋಲ್ಟ್ ಕಂಟ್ರೋಲ್ ಇರುವ ಸೆಂಟ್ರಲ್ ಕೂಲಿಂಗ್‌ಗೆ ಮಾತ್ರ. ಗೋಡೆಯಿಂದ ಬಂದ ವೈರ್‌ಗಳು ದಪ್ಪವಿದ್ದು, ವೈರ್‌ನಟ್ ಹಾಕಿ ಸೇರಿಸಿದ್ದರೆ ಅದು ಮೇನ್ಸ್ ವೋಲ್ಟೇಜ್ ಇರಬಹುದು, ಅದನ್ನು ಮುಟ್ಟಬೇಡಿ. ರಿಮೋಟಿನಲ್ಲಿ ನಡೆಯುವ ಸ್ಪ್ಲಿಟ್ ಎಸಿಯಲ್ಲಿ ಸಾಮಾನ್ಯವಾಗಿ ಮುಂದೆ ಹೇಳುವ ‘ಆರ್’, ‘ಸಿ’, ‘ವೈ’, ‘ಜಿ’ ಟರ್ಮಿನಲ್‌ಗಳೇ ಇರುವುದಿಲ್ಲ.

ಕರೆಂಟ್ ಹರಿಯುವ ದಾರಿ ತಲೆಯಲ್ಲಿದ್ದರೆ ಅರ್ಧ ಕೆಲಸ ಆದಂತೆ. ಮೇನ್ಸ್ ಅನ್ನು 24 ವೋಲ್ಟ್‌ಗೆ ಇಳಿಸುವ ಟ್ರಾನ್ಸ್‌ಫಾರ್ಮರಿನ ಒಂದು ಕಡೆ ‘ಆರ್’, ಇನ್ನೊಂದು ಕಡೆ ‘ಸಿ’. ಥರ್ಮೋಸ್ಟಾಟ್ ಒಂದು ಸ್ವಿಚ್ ಅಷ್ಟೇ: ಕೂಲಿಂಗ್ ಬೇಕೆಂದಾಗ ‘ಆರ್’ ಅನ್ನು ‘ವೈ’ಗೆ ಸೇರಿಸುತ್ತದೆ, ಫ್ಯಾನ್‌ಗೆ ‘ಜಿ’ಗೆ. ‘ವೈ’ನಿಂದ ಕರೆಂಟ್ ಕಾಂಟ್ಯಾಕ್ಟರನ್ನು ಎಳೆದು ಕೂರಿಸುವ ಕಾಯಿಲ್ ಮೂಲಕ ಹಾದು ‘ಸಿ’ಗೆ ಮರಳುತ್ತದೆ. ಗೋಡೆಗೆ ಹೋಗುವ ‘ಸಿ’ ವೈರ್ ಹೊರುವುದು ಥರ್ಮೋಸ್ಟಾಟ್ ತನಗಾಗಿ ಎಳೆಯುವ ಅಲ್ಪ ಕರೆಂಟನ್ನು ಮಾತ್ರ. ಹಾಗಾಗಿ ಯಾವ ವೈರ್ ಸೋತಿದೆ ಎಂಬುದನ್ನು ಲಕ್ಷಣವೇ ಬಹುಮಟ್ಟಿಗೆ ಹೇಳಿಬಿಡುತ್ತದೆ. ‘ಸಿ’ ವೈರ್ ಕಡಿದಿದ್ದರೆ ಸ್ಕ್ರೀನ್ ಸಾಯುತ್ತದೆ, ಆದರೆ ‘ಆರ್’ ಮತ್ತು ‘ವೈ’ ನೇರ ಸೇರಿಸಿದರೆ ಕೂಲಿಂಗ್ ಸರಿಯಾಗಿ ನಡೆಯುತ್ತದೆ. ‘ವೈ’ ಸಡಿಲವಿದ್ದರೆ ಕಾಂಟ್ಯಾಕ್ಟರ್ ಬಡಿದುಕೊಳ್ಳುತ್ತದೆ, ಸ್ಕ್ರೀನ್ ಮಾತ್ರ ಉರಿಯುತ್ತಲೇ ಇರುತ್ತದೆ. ಎರಡೂ ಒಟ್ಟಿಗೆ ಕೈಕೊಟ್ಟರೆ ‘ಆರ್’ ದಾರಿಯ ಮೇಲೆ ಅನುಮಾನ ಇಡಿ.

ವೈರ್ ಮುಟ್ಟುವ ಮೊದಲು ಬ್ರೇಕರ್ ಆಫ್ ಮಾಡಿ. 24 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ: ‘ಆರ್’ ತುದಿ ‘ಸಿ’ಗೆ ತಗುಲಿದರೆ ಏರ್ ಹ್ಯಾಂಡ್ಲರಿನ (ಒಳಗಿನ ಫ್ಯಾನ್ ಯೂನಿಟ್) ಕಂಟ್ರೋಲ್ ಬೋರ್ಡಿನಲ್ಲಿರುವ 3 ಅಥವಾ 5 ಆಂಪ್ ಬ್ಲೇಡ್ ಫ್ಯೂಸ್ ಹೋಗುತ್ತದೆ, ಬೋರ್ಡಿನಲ್ಲಿ ಫ್ಯೂಸ್ ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗಬಹುದು. ಹೊರಗಿನ ಯೂನಿಟ್‌ನಲ್ಲಿ ಮೇನ್ಸ್ ವೋಲ್ಟೇಜೂ ಚಾರ್ಜ್ ಹಿಡಿದ ಕೆಪಾಸಿಟರೂ ಇರುತ್ತವೆ, ಅಲ್ಲಿ ಅವಸರ ಬೇಡ. ಬಿಚ್ಚುವ ಮೊದಲು ಎರಡೂ ತುದಿಗಳ ಫೋಟೊ ತೆಗೆದುಕೊಳ್ಳಿ. ವೈರಿನ ಬಣ್ಣವನ್ನು ನಂಬಬೇಡಿ. ಹಳದಿ ವೈರ್ ‘ವೈ’ಗೇ ಹೋಗಿದೆ ಎಂಬ ಖಾತರಿ ಇಲ್ಲ, ಬೋರ್ಡಿನಲ್ಲಿ ಅದು ಯಾವ ಸ್ಕ್ರೂ ಕೆಳಗಿದೆ ಎಂಬುದಷ್ಟೇ ಲೆಕ್ಕ.

ಅಳತೆ ಶುರುವಾಗಬೇಕಾದದ್ದು ಬೋರ್ಡಿನಲ್ಲಿ, ಗೋಡೆಯಲ್ಲಲ್ಲ. ಏರ್ ಹ್ಯಾಂಡ್ಲರಿನ ಬಾಗಿಲು ತೆಗೆದರೆ ಡೋರ್ ಸ್ವಿಚ್ ಕರೆಂಟ್ ಕಡಿಯುತ್ತದೆ. ಅಳೆಯುವಷ್ಟು ಹೊತ್ತು ಅದನ್ನು ಒತ್ತಿ ಹಿಡಿಯಬೇಕು. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ‘ಆರ್’ ಮತ್ತು ‘ಸಿ’ ನಡುವೆ ನೋಡಿ. 24ರಿಂದ 28 ಬಂದರೆ ಟ್ರಾನ್ಸ್‌ಫಾರ್ಮರ್ ಆರೋಗ್ಯವಾಗಿದೆ. ಆದರೆ ಲೋಡ್ ಇಲ್ಲದಾಗ, ಅಂದರೆ ಕಾಯಿಲ್ ಕರೆಂಟ್ ಎಳೆಯದಿರುವಾಗ, ಸಿಕ್ಕ ಈ ಅಂಕಿ ಅರ್ಧ ಸತ್ಯ. ಸಡಿಲ ಜಾಯಿಂಟ್ ಕೂಡ ಲೋಡ್ ಇಲ್ಲದಾಗ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಡಿಜಿಟಲ್ ಮೀಟರಂತೂ ತುಂಡಾದ ವೈರಿನಲ್ಲೂ ಪಕ್ಕದ ವೈರಿನಿಂದ ಬಂದ ಹುಸಿ ವೋಲ್ಟೇಜ್ ತೋರಿಸುವುದುಂಟು. ಥರ್ಮೋಸ್ಟಾಟ್ ಕೂಲಿಂಗ್ ಕೇಳುವಂತೆ ಮಾಡಿ, ಕಾಂಟ್ಯಾಕ್ಟರ್ ಎಳೆಯುತ್ತಿರುವಾಗ ಅಳೆದ ಅಂಕಿಯೇ ನಿಜವಾದದ್ದು.

ಒಂದು ಮಾದರಿ ಅಳತೆ ನೋಡಿ. ಕೂಲಿಂಗ್ ಕೇಳಿದಾಗ ಬೋರ್ಡಿನಲ್ಲಿ ಆರ್–ಸಿ 26 ವೋಲ್ಟ್, ಅದೇ ಕ್ಷಣ ವೈ–ಸಿ 17. ಒಂಬತ್ತು ವೋಲ್ಟ್ ಎಲ್ಲಿ ಹೋಯಿತು? ವೈರಿನ ಉದ್ದಕ್ಕೆ ಹೋಗಿರಲಾರದು. 18 ಗೇಜ್ ತಾಮ್ರದ ವೈರ್ 15 ಮೀಟರ್ ಹೋಗಿ 15 ಮೀಟರ್ ಬಂದರೆ ರೆಸಿಸ್ಟೆನ್ಸ್ ಸುಮಾರು 0.6 ಓಮ್, ಅರ್ಧ ಆಂಪ್ ಹರಿದರೂ ಕಳೆಯುವುದು 0.3 ವೋಲ್ಟ್. ಉಳಿದದ್ದನ್ನೆಲ್ಲ ಯಾವುದೋ ಜಾಯಿಂಟ್ ನುಂಗುತ್ತಿದೆ. 17 ವೋಲ್ಟ್‌ಗೆ ಸಾಮಾನ್ಯ 24 ವೋಲ್ಟ್ ಕಾಂಟ್ಯಾಕ್ಟರ್ ಗಟ್ಟಿಯಾಗಿ ಕೂರುವುದಿಲ್ಲ. ಕೂರದ ಕಾಯಿಲ್ ಕೂತದ್ದಕ್ಕಿಂತ ಹೆಚ್ಚು ಕರೆಂಟ್ ಎಳೆಯುವುದರಿಂದ ವೋಲ್ಟೇಜ್ ಇನ್ನೂ ಕುಸಿಯುತ್ತದೆ, ಆ ಜಾಯಿಂಟ್ ‘ಆರ್’ ದಾರಿಯಲ್ಲಿದ್ದರೆ ಥರ್ಮೋಸ್ಟಾಟ್ ರೀಸ್ಟಾರ್ಟ್ ಆಗಿ ‘ವೈ’ ಬಿಟ್ಟುಬಿಡುತ್ತದೆ.

ಈಗ ದೋಷ ಯಾವ ಕಡೆ ಎಂದು ಬೇರ್ಪಡಿಸಬೇಕು. ಕರೆಂಟ್ ಆಫ್ ಮಾಡಿ ಬೋರ್ಡಿನಲ್ಲೇ ‘ಆರ್’ನಿಂದ ‘ವೈ’ಗೆ ಸಣ್ಣ ಜಂಪರ್ ಹಾಕಿ, ಆನ್ ಮಾಡಿ. ಕಾಂಟ್ಯಾಕ್ಟರ್ ಒಂದೇ ಏಟಿಗೆ ಕೂತರೆ ಹೊರಗಿನ ಯೂನಿಟ್ ಸರಿಯಿದೆ, ದೋಷ ಗೋಡೆಯ ಕಡೆಯ ಸುತ್ತಿನಲ್ಲಿದೆ. ಕಂಪ್ರೆಸರ್ ನಿಂತು ಐದು ನಿಮಿಷ ಆಗುವ ಮೊದಲು ಈ ಪರೀಕ್ಷೆ ಬೇಡ. ಒತ್ತಡ ಸಮವಾಗದೆ ಕಂಪ್ರೆಸರಿಗೆ ಪೆಟ್ಟು ಬೀಳುತ್ತದೆ. ಆಮೇಲೆ ಥರ್ಮೋಸ್ಟಾಟ್ ಕಳಚಿ ಗೋಡೆಯ ವೈರ್‌ಗಳಲ್ಲೇ ಅದೇ ಜಂಪರ್. ಆಗಲೂ ಬೋರ್ಡಿನಲ್ಲಿ ವೈ–ಸಿ 17 ಬಂದರೆ ಥರ್ಮೋಸ್ಟಾಟ್ ನಿರಪರಾಧಿ. 26ರ ಹತ್ತಿರ ಬಂದರೆ ಮಾತ್ರ ಅದರ ಟರ್ಮಿನಲ್ ಅಥವಾ ಒಳಗಿನ ಸ್ವಿಚ್ ನೋಡಿ.

‘ಆರ್’ ಅಥವಾ ‘ವೈ’, ಯಾವುದು? ಮೀಟರಿನ ವೈರ್ ಗೋಡೆಯಿಂದ ಬೋರ್ಡಿಗೆ ಮುಟ್ಟುವುದಿಲ್ಲ, ಹಾಗಾಗಿ ಕೇಬಲ್ಲಿನಲ್ಲಿ ಬಳಸದೆ ಬಿಟ್ಟ ಎಳೆಯನ್ನೇ ಉದ್ದನೆಯ ಪ್ರೋಬ್ ಮಾಡಿಕೊಳ್ಳುತ್ತೇನೆ. ಆ ಎಳೆಯನ್ನು ಬೋರ್ಡಿನ ‘ಆರ್’ಗೆ ಸೇರಿಸಿ, ಗೋಡೆಯಲ್ಲಿ ಅದೇ ಎಳೆ ಮತ್ತು ‘ಆರ್’ ನಡುವೆ ಲೋಡ್ ಇರುವಾಗ ಅಳೆಯುವುದು. ಸೊನ್ನೆಯ ಹತ್ತಿರ ಬಂದರೆ ‘ಆರ್’ ಸರಿ. 9 ಬಂದರೆ ಕಳ್ಳ ಸಿಕ್ಕ. ‘ವೈ’ಗೂ ಇದೇ ವಿಧಾನ.

‘ಆರ್’ ಕೆಟ್ಟಿದ್ದರೆ ಮೊದಲು ನೋಡಬೇಕಾದ ಜಾಗ ಫ್ಲೋಟ್ ಸ್ವಿಚ್. ಡ್ರೈನ್ ಪ್ಯಾನ್ ತುಂಬಿದರೆ ಕೂಲಿಂಗ್ ನಿಲ್ಲಿಸುವ ಈ ಸ್ವಿಚ್ಚನ್ನು ಹೆಚ್ಚಾಗಿ ‘ಆರ್’ ಅಥವಾ ‘ವೈ’ ವೈರನ್ನು ಮಧ್ಯದಲ್ಲಿ ತುಂಡರಿಸಿ ಸೇರಿಸಿರುತ್ತಾರೆ, ಜಾಯಿಂಟ್ ಸದಾ ತೇವದಲ್ಲಿರುತ್ತದೆ. ತಾಮ್ರ ಕಪ್ಪಾಗಿದ್ದರೆ ಅಥವಾ ಹಸಿರು ಹಿಡಿದಿದ್ದರೆ ಬಿಗಿ ಮಾಡಿ ಬಿಟ್ಟುಬಿಡಬೇಡಿ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಹೊಸದಾಗಿ ಸುಮಾರು 10 ಮಿಲಿಮೀಟರ್ ಸುಲಿದು, ಒಳಗೆ ಜೆಲ್ ಇರುವ ಕ್ರಿಂಪ್ ಕನೆಕ್ಟರ್ ಹಾಕಿ. ಗೋಡೆಯೊಳಗೆ ಎಲ್ಲೋ ಜಾಯಿಂಟ್ ಇದ್ದು ಕೈಗೆ ಸಿಗದಿದ್ದರೆ ಆ ಎಳೆಯನ್ನು ಎರಡೂ ತುದಿಯಲ್ಲಿ ಬಿಟ್ಟು ಖಾಲಿ ಎಳೆಗೆ ಬದಲಿಸುವುದೇ ಜಾಣತನ.

ಫ್ಯೂಸ್ ಪದೇ ಪದೇ ಹೋಗುವುದು ಬೇರೆ ರೋಗ, ಅದು ಶಾರ್ಟ್. ಕರೆಂಟ್ ತೆಗೆದು, ಹೊರಗೆ ಹೋಗುವ ಜೋಡಿ ವೈರನ್ನು ಬೋರ್ಡಿನಿಂದ ಬಿಡಿಸಿ ಓಮ್ ನೋಡಿ. ಕಾಯಿಲ್ ಸಾಮಾನ್ಯವಾಗಿ 10ರಿಂದ 20 ಓಮ್ ತೋರಿಸುತ್ತದೆ. ಸೊನ್ನೆ ಬಂದರೆ ತಾಮ್ರದ ಪೈಪಿಗೆ ಉಜ್ಜಿ ವೈರಿನ ಸಿಪ್ಪೆ ಹರಿದಿದೆಯೇ ನೋಡಿ. ಎಷ್ಟೇ ಅವಸರವಿದ್ದರೂ ದೊಡ್ಡ ಫ್ಯೂಸ್ ಹಾಕಬೇಡಿ.

‘ಸಿ’ ವೈರೇ ಇಲ್ಲದ ಕಡೆ ಕೆಲವು ಥರ್ಮೋಸ್ಟಾಟ್‌ಗಳು ಕಾಯಿಲ್ ಮೂಲಕ ಕದ್ದ ಕರೆಂಟಿನಲ್ಲಿ ಬದುಕುತ್ತವೆ. ಕೆಲವೆಡೆ ಇದು ವರ್ಷಗಟ್ಟಲೆ ನಡೆಯುತ್ತದೆ, ಕೆಲವೆಡೆ ಕಾಂಟ್ಯಾಕ್ಟರ್ ತಾನಾಗಿ ಗುಂಯ್‌ಗುಟ್ಟುತ್ತದೆ. ನನಗೆ ಈ ಏರ್ಪಾಡು ಹಿಡಿಸುವುದಿಲ್ಲ. ಖಾಲಿ ಎಳೆ ಇಲ್ಲದಿದ್ದರೆ ‘ಜಿ’ ವೈರನ್ನು ‘ಸಿ’ ಮಾಡಿ, ಬೋರ್ಡಿನಲ್ಲಿ ‘ವೈ’ನಿಂದ ‘ಜಿ’ಗೆ ಜಂಪರ್ ಹಾಕಬಹುದು, ಫ್ಯಾನ್ ಒಂದನ್ನೇ ಓಡಿಸುವ ಸೌಕರ್ಯ ಹೋಗುತ್ತದೆ, ಅಷ್ಟೇ.

ರಿಪೇರಿ ಮುಗಿದ ಮೇಲೆ ಕೂಲಿಂಗ್ ಓಡುತ್ತಿರುವಾಗ ಬೋರ್ಡಿನಲ್ಲಿ ಆರ್–ಸಿ ಮತ್ತು ವೈ–ಸಿ ಎರಡನ್ನೂ ಮತ್ತೆ ಅಳೆಯಿರಿ. ವ್ಯತ್ಯಾಸ ಒಂದು ವೋಲ್ಟಿಗಿಂತ ಹೆಚ್ಚಿದ್ದರೆ ಇನ್ನೊಂದು ಜಾಯಿಂಟ್ ಬಾಕಿ ಇದೆ.