ಕಾರಿನ ಮೇಲೆ ಹತ್ತುವ ಬೆಕ್ಕುಗಳು: ನಾನು ಏನೇನು ಮಾಡಿದೆ

ನಮ್ಮ ಅಕ್ಕಪಕ್ಕದ ಬೆಕ್ಕುಗಳಿಗೆ ನನ್ನ ಕಾರೆಂದರೆ ಭಾರಿ ಪ್ರೀತಿ. ದಪ್ಪ ತಲೆಯ ಬೂದು ಗಂಡು ಒಂದು, ಮೈಯೆಲ್ಲ ಚುಕ್ಕೆ ಇರುವ ಹೆಣ್ಣು ಒಂದು, ಜೊತೆಗೆ ಆಗಾಗ ಬಂದು ಹೋಗುವ ಅತಿಥಿಗಳು. ಕಾರು ತೊಳೆದು ಒರೆಸಿ ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ಬಾನೆಟ್ ಮೇಲೆ ಹೆಜ್ಜೆ, ಗಾಜಿನ ಮೇಲೆ ಜಾರಿದ ಗೆರೆ, ಟಾಪ್ ಮೇಲೆ ಕೂದಲು. ಈ ತಲೆನೋವು ನನ್ನೊಬ್ಬನದೇ ಅಲ್ಲ ಅಂತ ಗೊತ್ತು. ಅದಕ್ಕೇ ಯಾವುದರಿಂದ ಉಪಯೋಗ ಆಯ್ತು, ಯಾವುದು ಸುಮ್ನೆ ದಂಡ ಅಂತ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಬೆಕ್ಕನ್ನು ಓಡಿಸಿ ಪ್ರಯೋಜನ ಇಲ್ಲ. ಓಡಿಸಿದರೆ ಓಡುತ್ತದೆ, ನೀವು ಬೆನ್ನು ತಿರುಗಿಸಿದ ಕೂಡಲೇ ವಾಪಸ್ ಬರುತ್ತದೆ. ಅದು ಯಾಕೆ ಹತ್ತುತ್ತಿದೆ ಅಂತ ನೋಡಬೇಕು.

ಅದಕ್ಕೆ ಕ್ಯಾಮೆರಾ ಎಲ್ಲ ಬೇಕಿಲ್ಲ. ಧೂಳು ಕೂತ ಕಾರಿನ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಬೆಕ್ಕಿನ ಹೆಜ್ಜೆಯಲ್ಲಿ ನಾಲ್ಕು ಪುಟ್ಟ ಬೆರಳು, ಅದರ ಹಿಂದೆ ಅಗಲವಾದ ಒಂದು ಮೆತ್ತೆ ಕಾಣುತ್ತದೆ. ಉಗುರಿನ ಗುರುತು ಇರುವುದಿಲ್ಲ. ನಡೆಯುವಾಗ ಅದು ಉಗುರನ್ನು ಒಳಗೆಳೆದುಕೊಂಡಿರುತ್ತದೆ. ಬಾನೆಟ್ ಮಧ್ಯದಲ್ಲಿ ಹೆಜ್ಜೆಗಳು ಸುತ್ತಿ ಸುತ್ತಿ, ನಡುವೆ ಧೂಳೇ ಇಲ್ಲದ ದುಂಡನೆಯ ಜಾಗ ಇದ್ದರೆ ಅದು ಅಲ್ಲಿ ಮಲಗಿ ಎದ್ದಿದೆ. ಹೆಜ್ಜೆಗಳು ಬಾನೆಟ್‌ನಿಂದ ಗಾಜಿಗೆ, ಗಾಜಿನಿಂದ ಟಾಪ್‌ಗೆ, ಅಲ್ಲಿಂದ ಕಾಂಪೌಂಡ್ ಗೋಡೆ ಕಡೆಗೆ ಸಾಲಾಗಿ ಹೋಗಿದ್ದರೆ ನಿಮ್ಮ ಕಾರು ಅದಕ್ಕೆ ಬರೀ ಮೆಟ್ಟಿಲು. ನನ್ನ ಕಾರಿನಲ್ಲಿ ಎರಡೂ ಇತ್ತು. ಹೆಣ್ಣು ಮಲಗುತ್ತಿತ್ತು, ಗಂಡು ದಾಟಿಕೊಂಡು ಹೋಗುತ್ತಿತ್ತು. ಇಬ್ಬರಿಗೂ ಒಂದೇ ಮದ್ದು ನಡೆಯಲ್ಲ.

ಮಲಗುವುದಕ್ಕೆ ಕಾರಣ ಶಾಖ. ಬೆಕ್ಕಿಗೆ ಹಿತ ಅನ್ನಿಸುವ ಉಷ್ಣತೆ ಸುಮಾರು 30ರಿಂದ 38 ಡಿಗ್ರಿ ಸೆಲ್ಸಿಯಸ್. ನಮಗೆ ಫ್ಯಾನ್ ಹಾಕೋಣ ಅನ್ನಿಸುವ ಸೆಕೆ ಅದಕ್ಕೆ ಹದವಾದ ಬಿಸಿ. ಓಡಿ ಬಂದ ಕಾರಿನ ಎಂಜಿನ್ ಒಳಗಿನ ಕೂಲೆಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವ, ಸುಮಾರು 90 ಡಿಗ್ರಿಯಲ್ಲಿರುತ್ತದೆ, ಎಂಜಿನ್ ಆಫ್ ಮಾಡಿದ ಮೇಲೂ ಆ ಬಿಸಿ ನಿಧಾನವಾಗಿ ಮೇಲೇರಿ ಬಾನೆಟ್ ತಗಡನ್ನು ಗಂಟೆಗಟ್ಟಲೆ ಬೆಚ್ಚಗಿಡುತ್ತದೆ, ಅದರ ಮೇಲೆ ನೆಲಕ್ಕಿಂತ ಎತ್ತರ, ಸುತ್ತ ಎಲ್ಲ ಕಾಣುತ್ತದೆ, ನಾಯಿ ಬಂದರೆ ಸಿಕ್ಕಿಬೀಳುವ ಭಯ ಇಲ್ಲ. ನಾನು ಬೆಕ್ಕಾಗಿದ್ದರೂ ಅಲ್ಲೇ ಮಲಗುತ್ತಿದ್ದೆ.

ಇನ್ನೊಂದು ಕಾರಣ ತುಂಬ ಜನ ಯೋಚಿಸುವುದಿಲ್ಲ. ಇಲಿ. ಎಂಜಿನ್ ಒಳಗೆ ಇಲಿ ಸೇರಿಕೊಂಡಿದ್ದರೆ ಬೆಕ್ಕು ಬಾನೆಟ್ ಹತ್ತಿರವೇ ಕಾಯುತ್ತದೆ. ಬಾನೆಟ್ ಎತ್ತಿ ನೋಡಿ. ಬ್ಯಾಟರಿ ಪಕ್ಕ, ಏರ್ ಫಿಲ್ಟರ್ ಡಬ್ಬಿಯ ಸುತ್ತ ಹಿಕ್ಕೆ, ಚೂರು ಮಾಡಿದ ಪೇಪರ್, ಕಚ್ಚಿದ ವೈರ್ ಇದೆಯಾ ಅಂತ. ಇದ್ದರೆ ನಿಮ್ಮ ನಿಜವಾದ ಸಮಸ್ಯೆ ಬೆಕ್ಕಲ್ಲ. ವೈರ್ ಕಡಿಸಿಕೊಳ್ಳುವುದಕ್ಕಿಂತ ಹೆಜ್ಜೆ ಗುರುತೇ ವಾಸಿ.

ಈಗ ಪೇಂಟ್ ವಿಷಯ. ಬೆಕ್ಕು ನಡೆದರೆ ಗೀರು ಬೀಳುತ್ತದಾ? ಸುಮ್ಮನೆ ನಡೆದರೆ ಉಗುರಿನ ಗೀರು ಬೀಳುವುದು ಅಪರೂಪ. ತೊಂದರೆ ಮಾಡುವುದು ಪಾದಕ್ಕೆ ಅಂಟಿದ ಮರಳು, ಮಣ್ಣು. ಕಾರಿನ ಬಣ್ಣದ ಮೇಲಿರುವ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ಮಾತ್ರ, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು. ಅದರ ಮೇಲೆ ಮರಳು ಉಜ್ಜಿದರೆ ಬಿಸಿಲಿಗೆ ಹಿಡಿದಾಗ ಕಾಣುವ ಕೂದಲೆಳೆಯಂಥ ಗೆರೆಗಳು ಬೀಳುತ್ತವೆ. ಉಗುರು ಹೊರಗೆ ಬರುವುದು ಕಾಲು ಜಾರಿದಾಗ, ಮುಖ್ಯವಾಗಿ ಬೆದರಿ ಹಾರುವಾಗ. ಹಾಗಾಗಿ ಬಾಗಿಲು ತೆಗೆದು "ಏಯ್" ಅಂತ ಕಿರುಚಿ ಚಪ್ಪಲಿ ಎಸೆಯುತ್ತೀರಲ್ಲ, ದೊಡ್ಡ ಗೀರುಗಳು ಬೀಳುವುದೇ ಆಗ. ನನ್ನ ಕಾರಿನ ಬಾನೆಟ್ ಅಂಚಿನಲ್ಲಿ ಮೂರು ಸಮಾನಾಂತರ ಗೆರೆಗಳಿವೆ, ಪಕ್ಕದ ಮನೆಯ ಹುಡುಗ ಬೆಕ್ಕಿಗೆ ಪಟಾಕಿ ತೋರಿಸಿದ ದಿನದ ನೆನಪು. ಈಗ ಮೇಲೆ ಬೆಕ್ಕು ಮಲಗಿದ್ದರೆ ದೂರದಿಂದಲೇ ಒಂದು ಸಲ ಕೆಮ್ಮುತ್ತೇನೆ, ನಿಧಾನವಾಗಿ ಹತ್ತಿರ ಹೋಗುತ್ತೇನೆ, ಅದೇ ಮೈಮುರಿದು ಇಳಿದು ಹೋಗುತ್ತದೆ.

ಜನ ಹೇಳುವ ಉಪಾಯಗಳಲ್ಲಿ ಅರ್ಧಕ್ಕರ್ಧ ಬೆಕ್ಕಿಗೆ ಅಪಾಯ. ನುಸಿ ಗುಳಿಗೆ, ಅಂದರೆ ನ್ಯಾಫ್ತಲೀನ್, ವಿಷ. ಅದನ್ನು ಟೈರ್ ಪಕ್ಕ ಇಡುವುದು ಬೇಡವೇ ಬೇಡ. ಟೀ ಟ್ರೀ, ನೀಲಗಿರಿ, ಪುದೀನ, ನಿಂಬೆ ಸಿಪ್ಪೆಯ ಗಟ್ಟಿ ಎಣ್ಣೆಗಳನ್ನು ಸಿಂಪಡಿಸುವುದೂ ಬೇಡ. ಇಂಥವನ್ನು ಒಡೆದು ಹೊರಹಾಕುವ ಒಂದು ಕಿಣ್ವ ಬೆಕ್ಕಿನ ಲಿವರಿನಲ್ಲಿ ತೀರಾ ಕಡಿಮೆ, ಮೈಗೆ ಅಂಟಿದ್ದನ್ನು ಅದು ನೆಕ್ಕಿಯೇ ಕ್ಲೀನ್ ಮಾಡಿಕೊಳ್ಳುವುದು, ಎಲ್ಲ ಹೊಟ್ಟೆಗೆ ಹೋಗುತ್ತದೆ. ಖಾರದ ಪುಡಿ ಅದರ ಕಾಲಿಗೆ ಅಂಟಿ ಕಣ್ಣಿಗೆ ಹೋಗುತ್ತದೆ. ಪಕ್ಕದ ಮನೆಯವರ ಬೆಕ್ಕಿಗೆ ಹೀಗೆ ಮಾಡಿ ಆಮೇಲೆ ಮುಖ ತೋರಿಸುವುದು ಹೇಗೆ ಅಲ್ವಾ?

ಕಿತ್ತಳೆ ಸಿಪ್ಪೆ ಇಟ್ಟು ನೋಡಿದೆ. ಹಸಿ ಇದ್ದಾಗ ಮೂಸಿ ಪಕ್ಕಕ್ಕೆ ಹೋಗುತ್ತದೆ, ಒಣಗಿದ ಮೇಲೆ ಅದರ ಪಕ್ಕದಲ್ಲೇ ಮಲಗುತ್ತದೆ. ಅಲ್ಟ್ರಾಸಾನಿಕ್ ಯಂತ್ರವನ್ನೂ ತಂದೆ. ಮನುಷ್ಯರ ಕಿವಿಗೆ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ ಕೇಳುತ್ತದೆ, ಬೆಕ್ಕಿಗೆ 60 ದಾಟಿದರೂ ಕೇಳುತ್ತದೆ. ಆ ಅಂತರದಲ್ಲಿ ಕರ್ಕಶ ಶಬ್ದ ಮಾಡುವುದೇ ಈ ಯಂತ್ರದ ಕೆಲಸ. ಹೆಣ್ಣುಬೆಕ್ಕು ಸ್ವಲ್ಪ ಕಾಲ ದೂರ ಉಳಿಯಿತು. ಗಂಡು ಅದರ ಮುಂದೆ ಬಂದು ಕೂತು ಕಿವಿ ಹಿಂದಕ್ಕೆ ಮಡಿಸಿ ನೋಡಿತು, ಆಮೇಲೆ ಎದ್ದು ಬಾನೆಟ್ ಹತ್ತಿತು. ಯಾರಾದರೂ ಬಂದರೆ ನೀರು ಚಿಮ್ಮುವ ಸೆನ್ಸರ್ ಸ್ಪ್ರಿಂಕ್ಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ತೋಟಕ್ಕೆ ಒಳ್ಳೆಯದು. ಕಾರಿನ ಪಕ್ಕ ಇಟ್ಟರೆ ಗಡಸು ನೀರಿನ ಬಿಳಿ ಕಲೆ ಕಾರಿನ ತುಂಬ ಆಗುತ್ತದೆ, ಕೊರಿಯರ್‌ನವರೂ ನೆನೆಯುತ್ತಾರೆ.

ನನಗೆ ನಿಜವಾಗಿ ಉಪಯೋಗ ಆಗಿದ್ದು ಬೇರೆ ಜಾಗ ಕೊಟ್ಟಿದ್ದು. ಮರದ ಪೆಟ್ಟಿಗೆಯೊಂದನ್ನು ಅಡ್ಡ ಮಲಗಿಸಿ, ನೆಲದ ತಂಪು ತಾಗದ ಹಾಗೆ ನಾಲ್ಕು ಇಟ್ಟಿಗೆ ಮೇಲೆ ಇಟ್ಟೆ. ಬಾಯಿ ಗಾಳಿಗೆ ಎದುರಾಗಿ ಇರಬಾರದು, ಬೆಳಗಿನ ಬಿಸಿಲು ಬೀಳುವಂತಿದ್ದರೆ ಒಳ್ಳೆಯದು. ಪೆಟ್ಟಿಗೆ ದೊಡ್ಡದಾಗಿರಬೇಕಿಲ್ಲ. ಬೆಕ್ಕು ಸುರುಳಿ ಸುತ್ತಿ ಮಲಗುವಷ್ಟಿದ್ದರೆ ಅದರ ಮೈಬಿಸಿಯೇ ಒಳಗೆ ನಿಲ್ಲುತ್ತದೆ. ಇಷ್ಟು ಮಾಡಿದರೂ ಅದು ಹೊಸ ಪೆಟ್ಟಿಗೆ ಕಡೆ ತಿರುಗಿಯೂ ನೋಡಲ್ಲ, ಬೆಕ್ಕಿನ ಜಾಯಮಾನವೇ ಹಾಗೆ. ಆಗ ಮಾಡಿದ್ದು ಇದು: ಒಂದು ಹಳೆ ಟವೆಲನ್ನು ಒಗೆದು ಕಾರಿನ ಬಾನೆಟ್ ಮೇಲೆ, ಅದು ಮಲಗುವ ಜಾಗದಲ್ಲೇ ಹಾಸಿದೆ. ಕೆಲವು ರಾತ್ರಿ ಅದರ ಮೇಲೆ ಮಲಗಿತು. ಟವೆಲ್ ತುಂಬ ಕೂದಲು, ಅದರದ್ದೇ ವಾಸನೆ. ಆಮೇಲೆ ಒಗೆಯದೆ ಹಾಗೇ ತೆಗೆದುಕೊಂಡು ಹೋಗಿ ಪೆಟ್ಟಿಗೆಯೊಳಗೆ ಹಾಕಿದೆ. ಬಂತು, ಮೂಸಿತು, ಮುಂಗಾಲಿನಿಂದ ಟವೆಲನ್ನು ಸ್ವಲ್ಪ ಹೊತ್ತು ತುಳಿದು ತುಳಿದು ಹದ ಮಾಡಿತು, ಮಲಗಿತು. ಆಮೇಲೆ ಬಾನೆಟ್ ಮೇಲೆ ದುಂಡನೆಯ ಜಾಗ ಕಾಣುವುದು ತುಂಬ ಕಡಿಮೆಯಾಯ್ತು.

ಗಂಡಿಗೆ ಬೇಕಿದ್ದದ್ದು ದಾರಿ. ಕಾರನ್ನು ಗೋಡೆಯಿಂದ ಸ್ವಲ್ಪ ದೂರ ನಿಲ್ಲಿಸಿ ನೋಡಿದೆ, ಏನೂ ಬದಲಾಗಲಿಲ್ಲ. ಗಟ್ಟಿಮುಟ್ಟಾದ ಬೆಕ್ಕು ನಿಂತಲ್ಲಿಂದ ಒಂದೂವರೆ ಮೀಟರ್ ಎತ್ತರಕ್ಕೆ ಹಾರುತ್ತದೆ, ನಮ್ಮ ಎರಡು ಅಡಿ ಅಂತರ ಅದಕ್ಕೆ ಯಾವ ಲೆಕ್ಕ. ಕೊನೆಗೆ ಗೋಡೆ ಪಕ್ಕ ಒಂದು ಮುರುಕು ಮೇಜು ಇಟ್ಟು, ಅದರ ಮೇಲೆ ಜಾರದ ಹಾಗೆ ಗೋಣಿಚೀಲ ಮೊಳೆ ಹೊಡೆದೆ. ನಯವಾದ ಬಾನೆಟ್‌ಗಿಂತ ಉಗುರು ಹಿಡಿಯುವ ಗೋಣಿ ಯಾವ ಬೆಕ್ಕಿಗಾದರೂ ಇಷ್ಟ. ದಾರಿ ಬದಲಾಯಿತು. ಮೇಲಾಗಿ ಉಗುರು ಕೆರೆಯುವುದಕ್ಕೂ ಅದೇ ಮೇಜು ಆಯ್ತು.

ಕವರ್ ಬಗ್ಗೆ ಕೇಳುವವರು ಜಾಸ್ತಿ. ಕವರ್ ಒಳ್ಳೆಯದೇ, ಆದರೆ ಒಳಭಾಗ ಮೆತ್ತಗಿರಬೇಕು, ಗಾಳಿಯಾಡಬೇಕು, ಹೊಟ್ಟೆಯಡಿ ಕಟ್ಟುವ ಪಟ್ಟಿ ಇರಬೇಕು. ಪಟ್ಟಿ ಇಲ್ಲದ ಕವರ್ ಗಾಳಿಗೆ ಪಟಪಟ ಬಡಿದು ಒಳಗಿನ ಧೂಳಿನಿಂದಲೇ ಕಾರನ್ನು ಉಜ್ಜುತ್ತದೆ. ಕೊಳೆ ಇರುವ ಕಾರಿಗೂ ಹಾಕಬೇಡಿ, ಬಿಸಿ ಕಾರಿಗೂ ಹಾಕಬೇಡಿ. ಇಷ್ಟೆಲ್ಲ ಮಾಡಿ ದಿನಾ ಹಾಕಿ ತೆಗೆಯುವ ತಾಳ್ಮೆ ನನಗಿಲ್ಲ. ಕಾರು ವಾರಗಟ್ಟಲೆ ನಿಲ್ಲುವುದಾದರೆ ಮಾತ್ರ ಹಾಕುತ್ತೇನೆ. ಆಗ ಬೆಕ್ಕು ಅದರ ಮೇಲೆ ಮಲಗಿದರೂ ನನಗೆ ಬೇಜಾರಿಲ್ಲ.

ಟೈರಿಗೆ ಗಂಡುಬೆಕ್ಕು ಉಚ್ಚೆ ಹಾರಿಸುತ್ತಿದ್ದರೆ ಬರೀ ನೀರು ಸಾಲದು. ವಾಸನೆ ಉಳಿದರೆ ಮತ್ತೆ ಅಲ್ಲೇ ಹಾರಿಸುತ್ತದೆ. ಎನ್‌ಜೈಮ್ ಇರುವ ಕ್ಲೀನರ್ ಹಾಕಿ, ಅಮೋನಿಯಾ ಇರುವುದು ಬೇಡ, ಅದರ ವಾಸನೆಯೂ ಉಚ್ಚೆ ಥರವೇ. ಬೀಜ ತೆಗೆಸಿದ ಗಂಡು ಅಲೆಯುವುದೂ ಕಡಿಮೆ, ಹಾರಿಸುವುದೂ ಕಡಿಮೆ. ಇದನ್ನು ಬೆಕ್ಕಿನ ಮನೆಯವರಿಗೆ ಮೆಲ್ಲಗೆ ಹೇಳಿದೆ, ಜಗಳ ಆಗಲಿಲ್ಲ. ಬೆಕ್ಕುಗಳಿಗೆ ಊಟ ಹಾಕುವವರ ತಟ್ಟೆ ನನ್ನ ಕಾರಿನ ಮುಂದೆಯೇ ಇರುತ್ತಿತ್ತು. ಅದನ್ನು ಹಿಂದಿನ ಕಡೆಗೆ ಇಡಿ ಅಂತ ಕೇಳಿಕೊಂಡೆ, ಇಟ್ಟರು. ಆ ಒಂದು ಮಾತು ಆ ಅಲ್ಟ್ರಾಸಾನಿಕ್ ಯಂತ್ರಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು.

ಹೆಜ್ಜೆ ಗುರುತನ್ನು ಒಣ ಬಟ್ಟೆಯಿಂದ ಒರೆಸಬೇಡಿ. ಬೆಕ್ಕು ಬಿಟ್ಟುಹೋದ ಮರಳನ್ನು ನೀವೇ ಪೇಂಟ್ ಮೇಲೆ ಉಜ್ಜಿದ ಹಾಗೆ. ಮೊದಲು ನೀರು ಸುರಿದು ಮಣ್ಣು ಇಳಿಸಿ, ಆಮೇಲೆ ಕಾರ್ ಶಾಂಪೂ, ಮೈಕ್ರೋಫೈಬರ್ ಬಟ್ಟೆ. ಗೀರು ಇದ್ದರೆ ಅದರ ಮೇಲೆ ಅಡ್ಡಡ್ಡ ಉಗುರು ಎಳೆದು ನೋಡಿ. ಉಗುರು ತಡೆಯದಿದ್ದರೆ ಕ್ಲಿಯರ್ ಕೋಟ್ ಮೇಲಿನದ್ದು, ಪಾಲಿಶ್‌ನಲ್ಲಿ ಹೋಗುತ್ತದೆ. ತಡೆದರೆ ಆಳವಾಗಿದೆ, ಪೇಂಟ್ ಕೆಲಸದವರಿಗೇ ತೋರಿಸಬೇಕು. ವ್ಯಾಕ್ಸ್ ಹಚ್ಚಿಟ್ಟರೆ ಬೆಕ್ಕು ಹತ್ತುವುದೇನೂ ನಿಲ್ಲುವುದಿಲ್ಲ, ಆದರೆ ಗುರುತು ಬೇಗ ತೊಳೆದು ಹೋಗುತ್ತದೆ.

ಚಳಿಯಲ್ಲಿ ಒಂದು ವಿಷಯ ಮರೆಯಬೇಡಿ. ಬಾನೆಟ್ ತಣ್ಣಗಾದರೆ ಬೆಕ್ಕು ಕೆಳಗಿನಿಂದ ಎಂಜಿನ್ ಒಳಗೇ ನುಗ್ಗುತ್ತದೆ, ಬೆಲ್ಟ್ ಮತ್ತು ಫ್ಯಾನ್ ಪಕ್ಕ. ಸ್ಟಾರ್ಟ್ ಮಾಡಿದರೆ ಮುಗಿಯಿತು. ಜಪಾನಿನಲ್ಲಿ ನಿಸ್ಸಾನ್ ಕಂಪನಿ 2015ರಲ್ಲಿ ಇದಕ್ಕಾಗಿಯೇ ಒಂದು ಪ್ರಚಾರ ಶುರು ಮಾಡಿತು, ಗಾಡಿ ತೆಗೆಯುವ ಮೊದಲು ಬಾನೆಟ್ ತಟ್ಟಿ ಅಂತ. ನಾನೂ ತಟ್ಟುತ್ತೇನೆ, ಚಕ್ರದ ಮೇಲಿನ ಸಂದಿಯಲ್ಲೂ ಬಗ್ಗಿ ನೋಡುತ್ತೇನೆ. ನೆಲದ ಮೇಲೆ ಕೂಲೆಂಟ್ ಸೋರಿದ್ದರೆ ತಕ್ಷಣ ತೊಳೆಯಿರಿ. ಎಷ್ಟೋ ಕೂಲೆಂಟ್‌ಗಳಲ್ಲಿ ಎಥಿಲೀನ್ ಗ್ಲೈಕಾಲ್ ಇರುತ್ತದೆ, ತುಳಿದ ಪಾದ ನೆಕ್ಕಿಕೊಂಡರೆ ಬೆಕ್ಕಿನ ಕಿಡ್ನಿ ಹೋಗುತ್ತದೆ, ಒಂದು ಟೀ ಚಮಚದಷ್ಟು ಸಾಕು ಪ್ರಾಣಕ್ಕೆ. ಒಳಗೆ ಮರಿ ಸಿಕ್ಕಿಕೊಂಡು ಹೊರಗೆ ಬರದಿದ್ದರೆ ಕೈ ಹಾಕಿ ಎಳೆಯಬೇಡಿ, ಅದು ಇನ್ನೂ ಒಳಗೆ ಹೋಗುತ್ತದೆ. ಬಾನೆಟ್ ತೆರೆದಿಟ್ಟು ಕೆಳಗೆ ಸ್ವಲ್ಪ ಊಟ ಇಟ್ಟು ಕಣ್ಣಿಗೆ ಬೀಳದಷ್ಟು ದೂರ ಹೋಗಿ ನಿಲ್ಲಿ. ಸಾಮಾನ್ಯವಾಗಿ ತಾನೇ ಇಳಿದು ಬರುತ್ತದೆ, ಇಲ್ಲದಿದ್ದರೆ ಮೆಕ್ಯಾನಿಕ್ ಕರೆಸಿ ಕೆಳಗಿನ ಗಾರ್ಡ್ ಬಿಚ್ಚಿಸಿ.