ಕ್ಯಾಮೆರಾ ಕ್ಲೇಮ್‌ಗೆ ದುಡ್ಡು ಕಡಿಮೆ ಬಂದಾಗ ನಾನು ಮಾಡಿದ್ದು

ಟ್ರೈಪಾಡ್ ಉರುಳಿ ಕ್ಯಾಮೆರಾ ನೆಲಕ್ಕೆ ಬಿತ್ತು. ಬಾಡಿಯ ಮೌಂಟ್, ಅಂದರೆ ಲೆನ್ಸ್ ಕೂರಿಸುವ ಬಳೆ, ಸೊಟ್ಟಗಾಯಿತು, ದೂರದ್ದನ್ನು ಹತ್ತಿರ ತೋರಿಸುವ 70-200 ಲೆನ್ಸ್‌ಗೂ ಪೆಟ್ಟಾಯಿತು. ವಿಮಾ ಕಂಪನಿ ಕ್ಲೇಮ್ ಒಪ್ಪಿತು, ಆದರೆ ಕೊಡಲು ಹೊರಟ ಮೊತ್ತ ನಷ್ಟದ ಅರ್ಧಕ್ಕೂ ಸಾಲುತ್ತಿರಲಿಲ್ಲ. ಬಂದಷ್ಟು ಬರಲಿ ಅಂತ ಸುಮ್ಮನಾಗುವವರೇ ಜಾಸ್ತಿ. ನನಗೆ ಹಾಗೆ ಬಿಡಲು ಮನಸ್ಸಾಗಲಿಲ್ಲ. ಪ್ರೀಮಿಯಂ ಕಟ್ಟಿದ್ದು ಇದಕ್ಕೇ ಅಲ್ವಾ?

ಜೊತೆಗೆ 'ಪೂರ್ಣ ಮತ್ತು ಅಂತಿಮ ಪರಿಹಾರ' ಅನ್ನುವ ಒಪ್ಪಿಗೆ ಪತ್ರ ಬಂದಿತ್ತು. ಅದಕ್ಕೆ ಸಹಿ ಹಾಕಿಬಿಟ್ಟರೆ ಆಮೇಲೆ ತಕರಾರು ಎತ್ತುವುದು ಬಲು ಕಷ್ಟ. ಸಹಿ ಹಾಕದೆ ಮೇಲ್ ಬರೆದೆ. ನಷ್ಟ ಅಂದಾಜು ಮಾಡಿದ ಸರ್ವೇಯರ್ ವರದಿಯ ಪ್ರತಿ ಕೊಡಿ, ಒಂದೊಂದು ಕಡಿತಕ್ಕೂ ಪಾಲಿಸಿಯ ಯಾವ ಷರತ್ತು ಆಧಾರ ಅಂತ ತಿಳಿಸಿ ಎಂದು ಕೇಳಿದೆ. ಫೋನಿನಲ್ಲಿ ಆದ ಮಾತನ್ನೂ ಅದೇ ದಿನ ಮೇಲ್‌ನಲ್ಲಿ ಬರೆದು ಕಳಿಸುತ್ತಿದ್ದೆ.

ಲೆಕ್ಕ ಕೈಗೆ ಬಂದ ಮೇಲೆ ದಾರಿ ಕಾಣಿಸಿತು. ಪ್ರತಿ ಕ್ಲೇಮ್‌ನಲ್ಲೂ ನಾವೇ ಹೊರಬೇಕಾದ ಮೊತ್ತವನ್ನು ಕಳೆದಿದ್ದರು. ಅದು ಸರಿ, ಅದರ ಬಗ್ಗೆ ವಾದ ಮಾಡಲಿಲ್ಲ. ಬಾಡಿಯ ಬಿಡಿಭಾಗಗಳಿಗೆ ಸವಕಳಿ ಹಾಕಿದ್ದರು, ಅಂದರೆ ಹಳೆಯದು ಅಂತ ಬೆಲೆ ಇಳಿಸಿದ್ದರು. ನನ್ನ ಪಾಲಿಸಿಯಲ್ಲಿ ಹಳೆಯದಕ್ಕೆ ಹೊಸದರ ಬೆಲೆ ಕೊಡುವುದಾಗಿ ಸ್ಪಷ್ಟವಾಗಿ ಇತ್ತು. ಆ ಸಾಲನ್ನೇ ಎತ್ತಿ ಬರೆದೆ, ಅಷ್ಟಕ್ಕೇ ಒಪ್ಪಿದರು.

ನಿಜವಾದ ಜಗಳ ಲೆನ್ಸ್‌ದು. ವರದಿಯಲ್ಲಿ 'ಹೊರಗೆ ಗೀರು ಮಾತ್ರ, ಫೋಕಸ್ ಆಗುತ್ತಿದೆ' ಅಂತ ಇತ್ತು. ಫೋಕಸ್ ಆಗುತ್ತಿದ್ದದ್ದು ನಿಜ. ಆದರೆ ಒಳಗಿನ ಗಾಜು ಕೂದಲೆಳೆಯಷ್ಟು ಜರುಗಿದರೂ ಚಿತ್ರದ ಒಂದು ಪಕ್ಕ ಮಂಕಾಗುತ್ತದೆ. ಇದನ್ನೇ ಡಿಸೆಂಟರಿಂಗ್ ಅನ್ನುತ್ತಾರೆ. ಸೊಟ್ಟ ಮೌಂಟ್‌ನಿಂದಲೇ ಹೀಗಾಗಿದೆ ಎಂದು ಯಾರೂ ಹೇಳಬಾರದು ಅಂತ ಲೆನ್ಸನ್ನು ಬೇರೆ ಕ್ಯಾಮೆರಾಗೆ ಹಾಕಿ, ಇಟ್ಟಿಗೆ ಗೋಡೆಗೆ ನೇರವಾಗಿ ನಿಲ್ಲಿಸಿ, ಲೆನ್ಸ್‌ನ ಕಿಂಡಿ ಪೂರ್ತಿ ತೆರೆದು, ಅಂದರೆ ಎಫ್/2.8ರಲ್ಲಿ, ಫೋಟೋ ತೆಗೆದೆ. ಎಡಗಡೆ ಇಟ್ಟಿಗೆಗಳ ಸಂದಿನ ಮರಳು ಕೂಡ ಕಾಣುತ್ತಿತ್ತು, ಬಲಗಡೆ ಸಂದಿಯೇ ಕಲಸಿಹೋಗಿತ್ತು. ಕ್ಯಾಮೆರಾ ತಲೆಕೆಳಗು ಮಾಡಿ ಮತ್ತೆ ತೆಗೆದೆ. ಈಗ ಗೋಡೆಯ ಎಡಭಾಗ ಮಂಕು. ಕ್ಯಾಮೆರಾ ಓರೆಯಾಗಿ ನಿಂತಿದ್ದರೆ ಎರಡು ಸಲವೂ ಗೋಡೆಯ ಅದೇ ಭಾಗ ಮಂಕಾಗಬೇಕಿತ್ತು. ದೋಷ ಲೆನ್ಸ್‌ನಲ್ಲೇ ಇದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಬೀಳುವ ಮುಂಚೆ ಇದೇ ಲೆನ್ಸ್‌ನಲ್ಲಿ ತೆಗೆದ ರಾ ಫೈಲ್‌ಗಳನ್ನೂ (ಕ್ಯಾಮೆರಾದ ಮೂಲ ಫೋಟೋ ಫೈಲ್‌ಗಳು) ಸೇರಿಸಿದೆ. ನನ್ನ ಕ್ಯಾಮೆರಾ ಎಕ್ಸಿಫ್‌ನಲ್ಲಿ, ಅಂದರೆ ಫೋಟೋ ಫೈಲಿನೊಳಗಿನ ಮಾಹಿತಿಯಲ್ಲಿ, ತಾರೀಖಿನ ಜೊತೆ ಲೆನ್ಸ್‌ನ ಸೀರಿಯಲ್ ನಂಬರನ್ನೂ ಬರೆದಿಡುತ್ತದೆ. ಸರ್ವಿಸ್ ಸೆಂಟರ್‌ನವರ ಹತ್ತಿರ ಬರೀ ಅಂದಾಜು ಪಟ್ಟಿ ತಗೊಂಡರೆ ಸಾಲದು. ಹಾಳಾಗಲು ಪೆಟ್ಟೇ ಕಾರಣ, ರಿಪೇರಿ ಮಾಡಿಸಿದರೆ ಗಿಟ್ಟುವುದಿಲ್ಲ ಅನ್ನುವ ಎರಡು ಮಾತನ್ನೂ ಅವರಿಂದ ಬರೆಸಿಕೊಂಡೆ. ಇಲ್ಲದಿದ್ದರೆ 'ಸಹಜ ಸವೆತ' ಅಂತ ತಳ್ಳಿಹಾಕಲು ಅವಕಾಶ ಇರುತ್ತಿತ್ತು.

ಇಷ್ಟನ್ನೂ ಕಂಪನಿಯ ದೂರು ವಿಭಾಗಕ್ಕೆ ಕಳಿಸಿದೆ. ಇಲ್ಲಿ ಇತ್ಯರ್ಥವಾಗದಿದ್ದರೆ ವಿಮೆಯ ದೂರು ವಿಚಾರಿಸುವ ಒಂಬುಡ್ಸ್‌ಮನ್ ಬಳಿ ಹೋಗುತ್ತೇನೆ ಅಂತಲೂ ಬರೆದೆ, ಕೂಗಾಡದೆ. ಬೇರೆ ಸರ್ವೇಯರ್ ಬಂದು ನೋಡಿದರು. ಲೆನ್ಸ್‌ಗೂ ಹೊಸದರ ಬೆಲೆ ಬಂತು, ಹಳೆಯದನ್ನು ಕಂಪನಿಗೆ ಒಪ್ಪಿಸಿದೆ.

ಹೊಸ ಲೆನ್ಸ್ ಕೈಗೆ ಬಂದ ಕೂಡಲೇ ಅದರ ಸೀರಿಯಲ್ ನಂಬರ್ ಮತ್ತು ಈಗಿನ ಬೆಲೆಯನ್ನು ಪಾಲಿಸಿಗೆ ಸೇರಿಸಿದೆ. ಎಷ್ಟೋ ಪಾಲಿಸಿಗಳಲ್ಲಿ 100ರ ವಸ್ತುವಿಗೆ 60ರ ವಿಮೆ ಇದ್ದರೆ 50ರ ನಷ್ಟಕ್ಕೆ 30 ಮಾತ್ರ ಸಿಗುತ್ತದೆ. ಆ ಕಡಿತದ ಮೇಲೆ ತಕರಾರು ಎತ್ತಿ ಗೆಲ್ಲುವುದು ಕಷ್ಟ.