ಉಗ್ರಾಣದ ಬೀಗದ ಕೈ ಮೀನಿನ ಅಕ್ಕನಿಗೆ ಕೊಟ್ಟ ಮೇಲೆ

ಕಳೆದ ಆಟಿಯಲ್ಲಿ (ತುಳುವರ ಮಳೆ ತಿಂಗಳು, ಜುಲೈ-ಆಗಸ್ಟ್) ನೆರೆ ಬಂದು, ಮನೆ ಬಿಟ್ಟು ಬಂದವರಿಗೆ ತೆರೆಯುವ ಕಾಳಜಿ ಕೇಂದ್ರ ನಮ್ಮೂರಿನಲ್ಲಿ ಐದು ದಿನ ನಡೆಯಿತು. ಸುಮಾರು 110 ಜನ ಇದ್ದರು. ಕೊನೆಯ ದಿನ ಉಗ್ರಾಣ ನೋಡಿದರೆ ಒಂದೂವರೆ ಚೀಲ ಕುಚ್ಚಲಕ್ಕಿ ಉಳಿದಿತ್ತು. ಕೇಂದ್ರ ನಡೆಸಿದವರಿಗೆ ಗೊತ್ತು, ಮೂರನೇ ದಿನಕ್ಕೆ ಅಕ್ಕಿ ಎಲ್ಲಿ ಹೋಯಿತು ಅಂತ ಹುಡುಕುವುದೇ ದೊಡ್ಡ ಕೆಲಸ. ನಮ್ಮಲ್ಲಿ ಉಳಿಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಉಗ್ರಾಣದ ಬೀಗದ ಕೈ ಹೆಂಗಸರ ಹತ್ತಿರ ಇರಲಿ ಎಂದದ್ದಕ್ಕೆ ಮಳೆಗಾಲಕ್ಕೆ ಮೊದಲು ಸಭೆಯಲ್ಲಿ ನಕ್ಕವರೂ ಓದಲಿ.

ನನ್ನದು ಶಾಮಿಯಾನ ಮತ್ತು ಪಾತ್ರೆ ಬಾಡಿಗೆಗೆ ಕೊಡುವ ಕೆಲಸ. ಊರು ಸ್ವರ್ಣಾ ನದಿಯ ಕೆಳಗಡೆ, ಕೆಮ್ಮಣ್ಣಿನ ಆಸುಪಾಸು. ಸುತ್ತ ಕುದ್ರುಗಳು, ಅಂದರೆ ನದಿ ನಡುವಿನ ದ್ವೀಪಗಳು. ನೆರೆ ಬಂದರೆ ಕುದ್ರಿನವರನ್ನು ದೋಣಿಯಲ್ಲಿ ಕರೆತಂದು ಶಾಲೆಯಲ್ಲಿ ಕೂರಿಸಬೇಕು. ಹಂಡೆ, ತಾಡಪಾಲು, ಜನರೇಟರ್ ನನ್ನ ಹತ್ತಿರ ಇರುವುದರಿಂದ ಮೊದಲ ಫೋನ್ ನನಗೇ ಬರುತ್ತದೆ. ಈ ಬಗ್ಗೆ ನಾನು ಯಾವ ತರಬೇತಿಗೂ ಹೋದವನಲ್ಲ.

ಮೊದಲ ಸಲ ದೊಡ್ಡದಾಗಿ ಮಾಡಿದ್ದು 2020ರ ಸೆಪ್ಟೆಂಬರ್ 20ರ ನೆರೆಗೆ. ಉಡುಪಿಯವರಿಗೆ ಆ ಭಾನುವಾರ ಮರೆಯಲಿಕ್ಕಿಲ್ಲ. ಕೊರೊನಾ ಕಾಲ, ಶಾಲೆ ಖಾಲಿ ಇತ್ತು. ನಮ್ಮ ಕೇಂದ್ರಕ್ಕೆ ಸುಮಾರು 140 ಜನ ಬಂದರು, ಮೂರು ದಿನ. ಎರಡು ಕೋಣೆ ಹೆಂಗಸರಿಗೆ, ಎರಡು ಗಂಡಸರಿಗೆ, ನಡುವೆ ಶಾಮಿಯಾನದ ಬಟ್ಟೆ. ಎಲ್ಲ ಚೆಂದ ಮಾಡಿದ್ದೇನೆ ಅಂತ ನನಗೆ ಜಂಬ.

ಸಂಜೆ ಐದಕ್ಕೆ ಎರಡೂ ಕಡೆಗೆ ಒಂದೊಂದು ಪಾತ್ರೆ ಚಹಾ ಕಳುಹಿಸಿದೆ. ಗಂಡಸರ ಕಡೆಯ ಪಾತ್ರೆ ಖಾಲಿಯಾಗಿ ಬಂತು. ಹೆಂಗಸರ ಕಡೆಯದು ಹೆಚ್ಚುಕಡಿಮೆ ತುಂಬಿಯೇ ವಾಪಸ್. ಸಕ್ಕರೆ ಕಮ್ಮಿ ಆಯಿತೋ ಅಂತ ಮರುದಿನ ಜಾಸ್ತಿ ಹಾಕಿಸಿದೆ. ಮತ್ತೂ ಹಾಗೇ ಬಂತು. ನಾನು ಅಡುಗೆಯವರಿಗೆ ಬೈದೆ. ಕೊನೆಗೆ ಆಶಾ ಕಾರ್ಯಕರ್ತೆ ಅಕ್ಕ ನನ್ನನ್ನು ಬದಿಗೆ ಕರೆದರು. "ಚಹಾದ್ದು ಎಂತ ತಪ್ಪಿಲ್ಲ ಅಣ್ಣ. ರಾತ್ರಿ ಪಾಯಿಖಾನೆಗೆ ಹೋಗಲಿಕ್ಕೆ ಹೆದರಿಕೆ, ಅದಕ್ಕೆ ನಾಲ್ಕು ಗಂಟೆಯ ಮೇಲೆ ಯಾರೂ ನೀರೇ ಕುಡಿಯುವುದಿಲ್ಲ" ಎಂದರು. ಅವರಲ್ಲಿ ಇಬ್ಬರು ಬಸುರಿಯರು ಬೇರೆ.

ಹೆದರಿಕೆ ಅಂದರೆ ಕತ್ತಲು ಅಂತ ನನ್ನ ತಲೆಗೆ ಹೋಯಿತು. ಎರಡು ದೊಡ್ಡ ಹ್ಯಾಲೋಜನ್ ದೀಪ ತಂದು ಪಾಯಿಖಾನೆಯ ದಾರಿಗೆ ಮುಖ ಮಾಡಿ ಕಟ್ಟಿದೆ. ದೊಡ್ಡ ಜನರೇಟರ್ ಇಡೀ ರಾತ್ರಿ ಓಡಿತು. ಡೀಸೆಲ್‌ಗೇ ಮೂರು ದಿನದಲ್ಲಿ ಹತ್ತು ಸಾವಿರದ ಹತ್ತಿರ ಹೋಗಿರಬೇಕು. ಒಬ್ಬರೂ ಹೋಗಲಿಲ್ಲ! ಜಗಲಿಯಲ್ಲಿ ಇಸ್ಪೀಟು ಆಡುತ್ತಾ ಇಪ್ಪತ್ತು ಗಂಡಸರು ಕೂತಿದ್ದಾರೆ, ಎದುರು ಯಕ್ಷಗಾನದ ರಂಗಸ್ಥಳದ ಹಾಗೆ ಬೆಳಕು. ಅಲ್ಲಿ ಬಕೆಟ್ ಹಿಡಿದು ನಡೆದು ಹೋಗುವುದು ಯಾರು? ಇದು ನನಗೆ ಹೊಳೆಯಲಿಕ್ಕೆ ಇನ್ನೊಂದು ಮಳೆಗಾಲ ಬೇಕಾಯಿತು.

ಪ್ಯಾಡಿನ ಕಥೆ ಹೇಳಲಿಕ್ಕೆ ನಾಚಿಕೆ, ಆದರೂ ಹೇಳುತ್ತೇನೆ. ಮಂಗಳೂರಿನ ದಾನಿಗಳು ಪೆಟ್ಟಿಗೆಗಟ್ಟಲೆ ಕಳುಹಿಸಿದ್ದರು. ನಾನು ಮೈಕಿನಲ್ಲಿ ಕೂಗಿದೆ, "ಬೇಕಾದವರು ಕಚೇರಿ ಕೋಣೆಗೆ ಬಂದು ತಗೊಂಡು ಹೋಗಿ". ಬಂದವರು ಮೂವರು, ಮೂವರೂ ಕಾಲೇಜು ಹುಡುಗಿಯರು. ಬಳಸಿದ್ದನ್ನು ಹಾಕಲಿಕ್ಕೆ ಡಬ್ಬಿ ಇಡಬೇಕು ಅಂತ ನನಗೆ ತೋಚಲೇ ಇಲ್ಲ. ಪಾಯಿಖಾನೆ ಕಟ್ಟಿಕೊಂಡಿತು. ಟ್ಯಾಂಕರ್‌ನವನಿಗೆ ಮೂರೂವರೆ ಸಾವಿರ ಕೊಟ್ಟೆ. ನಡುವಯಸ್ಸಿನ ಹೆಂಗಸರಿಗೆ ಬೇಕಾದದ್ದು ಹಳೆಯ ಮೆತ್ತಗಿನ ಬಟ್ಟೆ, ಸಾಬೂನು, ಅದನ್ನು ಒಗೆದು ಒಣಗಿಸಲಿಕ್ಕೆ ಮರೆ. ಅಂಥ ಮಳೆಯಲ್ಲಿ ಒಣಗಿಸುವುದು ಎಲ್ಲಿ? ಒದ್ದೆ ಬಟ್ಟೆಯನ್ನೇ ಹಾಕಿಕೊಳ್ಳುತ್ತಿದ್ದರಂತೆ.

ಆ ವರ್ಷ ನನ್ನ ಕೈಯಿಂದ ಸುಮಾರು 44 ಸಾವಿರ ಹೋಯಿತು. ಅಕ್ಕಿ, ಬೇಳೆ ಸರಕಾರದ್ದು, ಅದು ಬಿಟ್ಟು.

ಮುಂದಿನ ವರ್ಷ "ಮಹಿಳಾ ಸಮಿತಿ" ಮಾಡಿದೆವು. ಪಟ್ಟಿಯಲ್ಲಿ ಏಳು ಹೆಸರು, ಎಲ್ಲ ನಮ್ಮ ಯುವಕ ಮಂಡಲದ ಪದಾಧಿಕಾರಿಗಳ ಹೆಂಡತಿಯರು. ನನ್ನ ಹೆಂಡತಿಯೂ ಇದ್ದಳು. ಸಭೆ ಸಂಜೆ ಆರೂವರೆಗೆ. ಆ ಹೊತ್ತಿಗೆ ಯಾವ ಮನೆಯ ಹೆಂಗಸು ಹೊರಗೆ ಬರುತ್ತಾಳೆ? ಎರಡು ಸಭೆ ಆಯಿತು, ಮೂರನೆಯದಕ್ಕೆ ನನ್ನ ಹೆಂಡತಿಯೇ ಬರಲಿಲ್ಲ. "ನಿಮಗೆ ಫೋಟೋಕ್ಕೆ ಬೇಕಾದ್ರೆ ಹೇಳಿ, ಬರ್ತೇನೆ" ಎಂದಳು.

ಆಮೇಲೆ ಯಾರೋ ಸ್ಫಿಯರ್ ಕೈಪಿಡಿಯ ಲೆಕ್ಕ ಹೇಳಿದರು. ಪರಿಹಾರ ಕೇಂದ್ರದಲ್ಲಿ ಕಡಿಮೆ ಅಂದರೆ ಏನೇನು ಇರಬೇಕು ಅಂತ ಹೇಳುವ ಅಂತರರಾಷ್ಟ್ರೀಯ ಪುಸ್ತಕ ಅದು. 20 ಜನಕ್ಕೆ ಒಂದು ಪಾಯಿಖಾನೆ, ಗಂಡಸರಿಗೆ ಒಂದು ಇದ್ದರೆ ಹೆಂಗಸರಿಗೆ ಮೂರು. ನಮ್ಮಲ್ಲಿ ಶಾಲೆಯದ್ದು ನಾಲ್ಕು, ನೂರು ಹೆಜ್ಜೆ ಆಚೆ ಭಜನಾ ಮಂದಿರದ್ದು ಎರಡು. ಕಳೆದ ಆಟಿಯಲ್ಲಿ ಶಾಲೆಯ ನಾಲ್ಕೂ ಹೆಂಗಸರಿಗೆ ಬಿಟ್ಟೆ. ಗಂಡಸರು ಮಂದಿರಕ್ಕೆ ನಡೆಯಬೇಕು. ಜೊತೆಗೆ ಅವರಿಗೆ ತೆಂಗಿನ ತೋಟದ ಬದಿಯಲ್ಲಿ ಮಡಲಿನ ಮರೆ ಕಟ್ಟಿ ಮೂತ್ರಕ್ಕೆ ಜಾಗ ಮಾಡಿದೆ. ಮೂರಕ್ಕೊಂದು ಸರಿಯಾಗಿ ಬರಲಿಲ್ಲ, ಹತ್ತಿರ ಬಂತು. ಸಭೆಯಲ್ಲಿ ಹಿರಿಯರೊಬ್ಬರಿಗೆ ಸಿಟ್ಟು ಬಂತು. "ಕುತ್ತಿಗೆಗೆ ನೀರು ಬಂದಾಗ ಗಂಡೆಂತ, ಹೆಣ್ಣೆಂತ ಮಾರಾಯ? ಎಲ್ಲರೂ ಒಂದೇ ಅಲ್ವಾ?" ಎಂದರು. "ಹೌದು, ಅದಕ್ಕೇ ನೀವೂ ಸ್ವಲ್ಪ ನಡೆಯಿರಿ" ಎಂದೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ.

ಹ್ಯಾಲೋಜನ್ ಬಿಟ್ಟೆ. ಇನ್ನೂರು ರೂಪಾಯಿಯ ಚಾರ್ಜಿಂಗ್ ದೀಪ ಇಪ್ಪತ್ತು ತಂದು ದಾರಿಯ ಉದ್ದಕ್ಕೂ ಮೊಣಕಾಲಿನ ಎತ್ತರಕ್ಕೆ ಕಟ್ಟಿದೆ. ಕಾಲಡಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಇಸ್ಪೀಟಿನವರನ್ನು ಹಿಂದಿನ ಜಗಲಿಗೆ ಓಡಿಸಿದೆ. ಒಳಗಡೆಯಿಂದ ಹಾಕುವ ಚಿಲಕ ಎಲ್ಲ ಬಾಗಿಲಿಗೂ. ಚಿಲಕದ ಖರ್ಚು ಐನೂರು ಸಹ ಆಗಲಿಲ್ಲ. ನಿಜವಾಗಿ ಕೆಲಸ ಮಾಡಿದ್ದು ಅದು.

ಇಷ್ಟೆಲ್ಲ ಮಾಡಿದರೂ ಇದು ನಾನು ಕೊಡುವುದು, ಅವರು ತೆಗೆದುಕೊಳ್ಳುವುದೇ ಆಯಿತು. ಎಲ್ಲ ಬದಲಾದದ್ದು ಎರಡು ವಸ್ತುಗಳಿಂದ. ಒಂದು ಪುಸ್ತಕ, ಇನ್ನೊಂದು ಬೀಗದ ಕೈ.

ಪುಸ್ತಕ ಅಂದರೆ ಹೆಸರು ಬರೆಯುವುದು. ಮೊದಲು ಮನೆ ಯಜಮಾನನ ಹೆಸರು, ಮುಂದೆ "ಒಟ್ಟು 6". ಪರಿಹಾರದ ಸಾಮಾನಿನ ಕಿಟ್ಟು ಮನೆಗೊಂದು. ಗಂಡನನ್ನು ಬಿಟ್ಟು ತವರಿನ ಕೊಟ್ಟಿಗೆಯಲ್ಲಿ ಮಗು ಕಟ್ಟಿಕೊಂಡು ಇರುವ ಹೆಂಗಸು ಅಣ್ಣನ "ಒಟ್ಟು"ವಿನಲ್ಲಿ ಸೇರಿ ಹೋಗುತ್ತಿದ್ದಳು. ಕಿಟ್ಟು ಅತ್ತಿಗೆಯ ಕೈಗೆ, ಇವಳಿಗೆ ಏನೂ ಇಲ್ಲ. ಈ ಸಲ ದೊಡ್ಡವರಿಗೆಲ್ಲ ತಲೆಗೊಂದು ಸಾಲು ಮಾಡಿದೆ. ಬಸುರಿ, ಬಾಣಂತಿ, ದಿನಾ ನುಂಗುವ ಮಾತ್ರೆ, ಮತ್ತೆ ಒಂದು ಕಾಲಂ "ಏನು ಕೆಲಸ". ಒಬ್ಬರು ಮಂಗಳಮುಖಿ ಬಂದರು. ಎಲ್ಲಿ ಮಲಗಿಸುವುದು ಅಂತ ನಮ್ಮವರು ಪಿಸಿಪಿಸಿ ಶುರು ಮಾಡಿದರು. ಅವರನ್ನೇ ಕೇಳಿದೆ. "ಹೆಂಗಸರ ಕೋಣೆಯಲ್ಲಿ, ಬಾಗಿಲಿನ ಹತ್ತಿರ" ಎಂದರು. ಮುಗಿಯಿತು.

"ಏನು ಕೆಲಸ" ಕಾಲಂ ಸುಮ್ನೆ ಹಾಕಿದ್ದು, ಆದರೆ ಅದೇ ಚಿನ್ನ. 23 ಹೆಂಗಸರು ಬೀಡಿ ಕಟ್ಟುವವರು ಎಂದು ಗೊತ್ತಾಯಿತು. 2020ರಲ್ಲಿ ದೋಣಿ ಹತ್ತುವಾಗ ನಮ್ಮ ಹುಡುಗರು "ಜೀವ ಮುಖ್ಯ, ಚೀಲ ಬಿಡಿ" ಎಂದು ಬೀಡಿ ಚೀಲ ಬಿಡಿಸಿದ್ದರು. ಎಲೆ, ಹೊಗೆಸೊಪ್ಪು ಗುತ್ತಿಗೆದಾರನದ್ದು. ಅದು ನೀರು ಪಾಲಾದರೆ ಮುಂದಿನ ವಾರಗಳ ಮಜೂರಿಯಲ್ಲಿ ಮುರಿಯುತ್ತಾರೆ. ಗಂಡಸರ ಬಲೆಯನ್ನು ಮಾತ್ರ ಅದೇ ಹುಡುಗರು ಎರಡನೇ ಸಲ ಹೋಗಿ ತಂದಿದ್ದರು. ಅದು ನನಗೂ ಆಗ ವಿಚಿತ್ರ ಅನಿಸಿರಲಿಲ್ಲ. ಈ ಸಲ ದೋಣಿಯಲ್ಲಿ ಬೀಡಿ ಚೀಲಕ್ಕೆ ಜಾಗ ಇಟ್ಟೆವು. ಆದರೂ ಏಳೆಂಟು ಚೀಲ ಒದ್ದೆಯಾಗಿ ಬಂತು. ನಾನು ಬುದ್ಧಿವಂತಿಕೆ ಮಾಡಲಿಕ್ಕೆ ಹೋದೆ. ಮದುವೆಗೆ ಕೊಡುವ ದೊಡ್ಡ ಫ್ಯಾನು ಇಟ್ಟು ಎಲೆ ಒಣಗಿಸಿದೆ. ಎರಡು ಗಂಟೆಯಲ್ಲಿ ಗರಿಗರಿ, ಕೈಯಲ್ಲಿ ಹಿಡಿದರೆ ಪುಡಿ. ಒಂದು ಚೀಲ ಹೋಯಿತು, ಅದರ ದುಡ್ಡು ನಾನೇ ಕೊಟ್ಟೆ. ಉಳಿದದ್ದನ್ನು ಅವರೇ ಗೋಣಿಯಲ್ಲಿ ಹರಡಿ ನೆರಳಿನಲ್ಲಿ ಸರಿ ಮಾಡಿಕೊಂಡರು. ಮಲಗುವ ಕೋಣೆಯಲ್ಲಿ ಮಕ್ಕಳಿದ್ದಾರೆ ಅಂತ ಪೂರ್ವದ ಜಗಲಿ ಅವರಿಗೆ ಬಿಟ್ಟೆ. ಕೇಂದ್ರದಲ್ಲಿ ಕೂತೇ ಕಟ್ಟಿದರು.

ಬಟ್ಟೆ ಒಣಗಿಸುವುದಕ್ಕೂ ಒಂದು ಪ್ರಯೋಗ. ಶಾಲೆಯ ಸೌದೆ ಕೋಣೆಗೆ ಬಾಗಿಲು ಉಂಟು. ಒಳಗೆ ಹಗ್ಗ ಕಟ್ಟಿ, ಕೆಳಗೆ ಹಳೆಯ ಬಾಂಡ್ಲಿಯಲ್ಲಿ ತೆಂಗಿನ ಗೆರಟೆಯ ಕೆಂಡ ಇಟ್ಟೆ, ಮೇಲೆ ಕಬ್ಬಿಣದ ಜಾಲರಿ. ಮೊದಲ ದಿನ ಹೊಗೆ ಹೆಚ್ಚಾಗಿ ಎಲ್ಲರ ಬಟ್ಟೆಯೂ ಒಣಮೀನಿನ ವಾಸನೆ. ಹೊರಗೆ ಪೂರ್ತಿ ಉರಿಸಿ, ಕೆಂಡ ಮಾತ್ರ ಒಳಗೆ ತಂದ ಮೇಲೆ ಸರಿಯಾಯಿತು. ಹಂಚಿನ ಮಾಡು, ಗಾಳಿ ಆಡುತ್ತದೆ. ತಾರಸಿ ಕೋಣೆಯಲ್ಲಿ ಇದನ್ನು ಮಾಡಬೇಡಿ, ಉಸಿರು ಕಟ್ಟುತ್ತದೆ. ನಮ್ಮ ಸೌದೆ ಕೋಣೆಗೆ ಗಂಡಸರಿಗೆ ಪ್ರವೇಶ ಇಲ್ಲ, ನನಗೂ ಇಲ್ಲ. ಬಳಸಿದ ಪ್ಯಾಡು ಹಾಕುವ ಮುಚ್ಚಳದ ಬಕೆಟ್ಟೂ ಅಲ್ಲೇ.

ಈಗ ಬೀಗದ ಕೈ. ಉಗ್ರಾಣ ಅಂದರೆ ಯುವಕ ಮಂಡಲದ ಕೋಣೆ. ನನ್ನ ಪಾತ್ರೆಗಳೂ ಅಲ್ಲೇ ಇರುತ್ತವೆ. ಬೀಗದ ಕೈ ಯಾವಾಗಲೂ ಕಾರ್ಯದರ್ಶಿಯ ಪ್ಯಾಂಟಿನ ಕಿಸೆಯಲ್ಲಿ. ಮಗುವಿಗೆ ಹಾಲು ಬೇಕಾದರೂ, ಒಂದು ಸಾಬೂನು ಬೇಕಾದರೂ ಅವನನ್ನು ಹುಡುಕಬೇಕು, ಕೇಳಬೇಕು. ಕೆಲವರಿಗೆ ಕೇಳದೆ ಸಿಗುತ್ತಿತ್ತು, ಅದು ಬೇರೆ ವಿಷಯ. ನಾನು ಹೇಳಿದೆ, ಈ ಸಲ ಕೈ ಕುದ್ರಿನಿಂದ ಬಂದ ಹೆಂಗಸರ ಹತ್ತಿರವೇ ಇರಲಿ. ಅವರೇ ಯಾರಿಗೆ ಎಂದು ಆರಿಸಲಿ. ಅವರು ಆರಿಸಿದ್ದು ಮಲ್ಪೆ ಬಂದರಿನಿಂದ ಮೀನು ತಂದು ಮನೆಮನೆಗೆ ಮಾರುವ ಒಬ್ಬ ಅಕ್ಕನನ್ನು. ವಯಸ್ಸು ಐವತ್ತರ ಮೇಲೆ. ಓದು ಬರಹ ಇಲ್ಲ. ಮಂಡಲದಲ್ಲಿ ಗಲಾಟೆಯೋ ಗಲಾಟೆ. "ಸಹಿ ಹಾಕಲಿಕ್ಕೆ ಬಾರದವರ ಹತ್ತಿರ ಸರಕಾರದ ಸಾಮಾನಾ?" ಮೂವತ್ತು ಮನೆಯ ಸಾಲವನ್ನು ತಲೆಯಲ್ಲೇ ಇಟ್ಟುಕೊಂಡು ವ್ಯಾಪಾರ ಮಾಡುವವರು ಅವರು. ಲೆಕ್ಕ ಬರೆಯಲಿಕ್ಕೆ ಪಿಯುಸಿ ಓದುವ ಹುಡುಗಿಯನ್ನು ಜೊತೆಗೆ ಹಾಕಿದೆವು. ಅಕ್ಕ ಹೇಳುವುದು, ಹುಡುಗಿ ಬರೆಯುವುದು. ಯಾರ ಮನೆಯಲ್ಲಿ ಎಷ್ಟು ಜನ ಉಣ್ಣುತ್ತಾರೆ ಎಂದು ಅಕ್ಕನಿಗೆ ಗೊತ್ತು, ಹಾಗಾಗಿ ಸುಳ್ಳು ನಡೆಯುವುದಿಲ್ಲ. ಅಕ್ಕಿ ಉಳಿದದ್ದು ಹೀಗೆ. ಸಂಜೆಯ ಚಹಾ ಪಾತ್ರೆ? ಎರಡನೇ ದಿನದಿಂದ ಖಾಲಿ ಬಂತು. ನಾನೇ ಹೋಗಿ ಬಗ್ಗಿ ನೋಡಿದೆ.

ಗಂಡಸರನ್ನು ಕೆಲಸಕ್ಕೆ ಎಳೆಯುವುದರಲ್ಲಿ ಮೊದಲ ದಿನ ಸೋತೆ. ನಮ್ಮ ಕಡೆ ಗಂಡಸರು ಅಡುಗೆಗೆ ನಾಚುವುದಿಲ್ಲ. ಐನೂರು ಜನಕ್ಕೆ ಸಾರು ಮಾಡು ಅಂದರೆ ಪಂಚೆ ಎತ್ತಿ ಕಟ್ಟಿ ನಿಲ್ಲುತ್ತಾರೆ. ಗಂಜಿ ತಪ್ಪಲೆ ತೊಳೆ, ಮಗು ಹಿಡಿದುಕೋ ಅಂದರೆ ಮಾತ್ರ ಸೊಂಟ ನೋವು. ಪಾಳಿಯ ಎಂಟು ಮಂದಿಯಲ್ಲಿ ಇಬ್ಬರು ಬಂದರು. ಅಕ್ಕ ಏನು ಮಾಡಿದರು ಗೊತ್ತಾ? ಕೇರಂ ಬೋರ್ಡನ್ನೂ ಇಸ್ಪೀಟು ಕಟ್ಟನ್ನೂ ಉಗ್ರಾಣದ ಒಳಗಿಟ್ಟು ಬೀಗ ಹಾಕಿದರು. ತಪ್ಪಲೆ ತೊಳೆದು ತೋರಿಸಿದ ಮೇಲೆ ಬೋರ್ಡು ಹೊರಗೆ. ಎರಡನೇ ದಿನ ಏಳು ಮಂದಿ.

ಇನ್ನೊಂದು ವಿಷಯ ಅರ್ಧ ಮಾತ್ರ ಹೇಳುತ್ತೇನೆ. ಕೇಂದ್ರದಲ್ಲಿ ಕುಡಿತ, ಹೊಡೆತ ನಿಲ್ಲುವುದಿಲ್ಲ, ಜಾಸ್ತಿಯೇ ಆಗುತ್ತದೆ. ಗೋಡೆಗೆ ಮಹಿಳಾ ಸಹಾಯವಾಣಿಯ ನಂಬರ್ 181 ಬರೆದು ಅಂಟಿಸಿದರೆ, ಅದರ ಎದುರು ನಿಂತು ಓದುವವಳನ್ನೂ ಗಂಡ ನೋಡುತ್ತಾನೆ. ಅದಕ್ಕೆ ನಾವು ಒಂದು ವಸ್ತು ಗೊತ್ತು ಮಾಡಿದೆವು. ಯಾವ ಹೆಂಗಸಾದರೂ ಉಗ್ರಾಣಕ್ಕೆ ಬಂದು ಆ ವಸ್ತು ಕೇಳಿದರೆ ಅಕ್ಕನಿಗೆ ಅರ್ಥ ಆಗುತ್ತದೆ, ಮಾತಾಡಬೇಕು ಅಂತ. ಆ ಮೇಲಿನದ್ದು ಆಶಾ ಅಕ್ಕ ನೋಡಿಕೊಳ್ಳುತ್ತಾರೆ. ವಸ್ತು ಯಾವುದು ಅಂತ ಬರೆಯುವುದಿಲ್ಲ, ಬರೆದರೆ ಕೆಟ್ಟಿತು. ಐದು ದಿನದಲ್ಲಿ ಇಬ್ಬರು ಕೇಳಿದರು.

ಭಜನಾ ಮಂದಿರದವರನ್ನು ಪಾಯಿಖಾನೆಗೆ ಒಪ್ಪಿಸಿದ್ದು ಹೇಗೆ ಎನ್ನುವುದನ್ನೂ ಹೇಳುವುದಿಲ್ಲ. ಅದು ನನ್ನ ವ್ಯಾಪಾರದ ಗುಟ್ಟು.

ಖರ್ಚು ಈ ಸಲ 30 ಸಾವಿರದ ಒಳಗೆ, ಅದೂ ಐದು ದಿನಕ್ಕೆ. ಡೀಸೆಲ್ ಎರಡೂವರೆ ಸಾವಿರ ಇರಬೇಕು, ಪಂಪು ಮತ್ತು ದೀಪ ಚಾರ್ಜಿಗೆ ಮಾತ್ರ ಸಣ್ಣ ಜನರೇಟರ್. ದೀಪ ನಾಲ್ಕು ಸಾವಿರ. ಬಕೆಟ್, ಚೊಂಬು ಐದರ ಹತ್ತಿರ. ಹತ್ತಿ ಬಟ್ಟೆ ಮೂರು ಸಾವಿರ. ಉಳಿದದ್ದು ದೋಣಿ, ಹಾಲು, ಸಾಬೂನು, ತರಕಾರಿ, ಎರಡು ದಿನ ಮೀನು.

ಸೋತದ್ದು ಪರಿಹಾರದ ಹಣದಲ್ಲಿ. 2019ರ ನೆರೆಗೆ ಸರಕಾರ ಮನೆಗೆ ತುರ್ತಾಗಿ 10,000 ರೂಪಾಯಿ ಕೊಟ್ಟ ಕಾಲದಿಂದಲೂ ನೋಡುತ್ತಿದ್ದೇನೆ, ಹಣ ಬೀಳುವುದು ಗಂಡಸಿನ ಖಾತೆಗೆ. ಈ ಸಲ ಅರ್ಜಿ ಬರೆಯುವಾಗ ಹೆಂಗಸರ ಪಾಸ್‌ಬುಕ್ ಕೊಡಿ ಅಂತ ಮನೆಮನೆಗೆ ಹೇಳಿದೆ. 31 ಮನೆಯಲ್ಲಿ 14 ಮನೆಯವರು ಒಪ್ಪಿದರು. ಉಳಿದವರು "ಪಹಣಿ ಯಾರ ಹೆಸರಲ್ಲಿ ಉಂಟೋ ಅವರಿಗೇ" ಎಂದರು. ನಮ್ಮಜ್ಜಿಯ ಕಾಲದಲ್ಲಿ ಇದೇ ಊರಿನಲ್ಲಿ ಅಳಿಯಕಟ್ಟು, ಮನೆ ಹೆಣ್ಣಿನ ಸಂತಾನಕ್ಕೆ ಹೋಗುತ್ತಿತ್ತು. ಈಗ ಪಾಸ್‌ಬುಕ್ ಕೇಳಿದರೆ ಇಷ್ಟು ಕಷ್ಟ. ಇದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ, ಯಾರ ಹತ್ತಿರವಾದರೂ ಇದ್ದರೆ ಹೇಳಿ.

ನೀರು ಇಳಿದು ಎಲ್ಲರೂ ಮನೆಗೆ ಹೋದ ಮೇಲೂ ಬೀಗದ ಕೈಯನ್ನು ವಾಪಸ್ ಕೇಳಲಿಕ್ಕೆ ಮಂಡಲದಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಚೌತಿಗೆ ಎರಡು ದಿನ ಮೊದಲು ಒಂದು ಮನೆಗೆ ಹಂಡೆ ಬಾಡಿಗೆಗೆ ಕೊಡಬೇಕಿತ್ತು. ಅಕ್ಕ ಮೀನು ಮಾರಿ ಬರುವವರೆಗೆ ಅವರ ಜಗಲಿಯಲ್ಲಿ ಕೂತೆ. ಬುಟ್ಟಿ ಇಳಿಸಿ, ಕೈ ತೊಳೆದು, ಸೆರಗಿನ ಗಂಟು ಬಿಚ್ಚಿ ಬೀಗದ ಕೈ ಕೊಟ್ಟರು. ಆಮೇಲೆ ಒಳಗಿನಿಂದ ಆ ಹುಡುಗಿ ಬರೆದಿಟ್ಟ ಪುಸ್ತಕ ತಂದರು. "ಒಂದು ಸಹಿ ಹಾಕಿ ಅಣ್ಣ" ಎಂದರು. ಹಂಡೆ ನನ್ನದೇ. ಸಹಿ ಹಾಕಿದೆ.